ಮುಂದೂಡಲು ಮರೆತ ಕರಡು ಯೋಜನೆ

ನಾನು, ವಯಸ್ಸು ನಲವತ್ತೊಂದು, ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸಗಳ ಯೋಜನೆ ಬರೆಯುವವನು, ವಾಸ ಕಾರ್ಖಾನೆಯ ಹಿಂದಿನ ರಸ್ತೆಯ ಮೂರನೆಯ ಕಟ್ಟಡ, ಎರಡನೆಯ ಮಹಡಿ, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಶುಕ್ರವಾರ ಮಧ್ಯಾಹ್ನ 12:30ಕ್ಕೆ ಇದೇ ಮೇಜಿನ ಮುಂದೆ ನಾನು ಕೊಟ್ಟ ಹೇಳಿಕೆಯಲ್ಲಿ ನನ್ನ ಹೆಸರು ಮತ್ತು ತಂದೆಯ ಹೆಸರು ಸರಿಯಾಗಿವೆ. ಉಳಿದದ್ದನ್ನೆಲ್ಲ ತಿದ್ದಬೇಕಾಗಿದೆ.

ನಮ್ಮ ಕಾರ್ಖಾನೆಯಲ್ಲಿ ನಲವತ್ತಮೂರು ಜನ ಇದ್ದೇವೆ. ಯಾವ ಕೆಲಸ ಯಾವಾಗ, ಯಾರ ಹೊಣೆ ಎಂಬುದನ್ನು ನಾನು ಒಂದು ಸಾಫ್ಟ್‌ವೇರಿನಲ್ಲಿ ಬರೆಯುತ್ತೇನೆ. ಬರೆದದ್ದು ಸ್ಮಾರ್ಟ್‌ಫೋನ್ ಇದ್ದವರ ಫೋನಿಗೂ, ಇಲ್ಲದವರಿಗಾಗಿ ಕಟಿಂಗ್ ವಿಭಾಗದ ಗೋಡೆಯ ಮೇಲಿರುವ ದೊಡ್ಡ ಪರದೆಗೂ ಹೋಗುತ್ತದೆ. ಇನ್ನೂ ಪಕ್ಕಾ ಆಗದ ಯೋಜನೆಯನ್ನು ಕರಡು ಎಂದು ಮುಚ್ಚಿಡಬಹುದು. ಅದನ್ನು ತೆರೆಯಲು ಎರಡು ದಾರಿ: ‘ನಾನೇ ತೆರೆಯುವವರೆಗೆ ಬೇಡ’ ಎನ್ನಬಹುದು, ಇಲ್ಲವೆ ಒಂದು ತಾರೀಖು ಕೊಡಬಹುದು. ತಾರೀಖು ಕೊಟ್ಟರೆ ಆ ದಿನ ಬೆಳಿಗ್ಗೆ ಹತ್ತಕ್ಕೆ ಯಾರನ್ನೂ ಕೇಳದೆ ತಾನೇ ತೆರೆದುಕೊಳ್ಳುತ್ತದೆ.

ಎರಡು ತಿಂಗಳ ಹಿಂದೆ ಯಜಮಾನರು ನನ್ನನ್ನು ಕೋಣೆಗೆ ಕರೆದು, ಕಟಿಂಗ್ ವಿಭಾಗ ಮುಚ್ಚಿ ಹೊಸ ಯಂತ್ರ ತರುವುದಾಗಿಯೂ, ಅಲ್ಲಿಯ ಒಂಬತ್ತು ಜನರನ್ನು ಕೆಲಸದಿಂದ ತೆಗೆಯುವುದಾಗಿಯೂ, ಅದರ ಕರಡನ್ನು ನಾನು ಬರೆಯಬೇಕೆಂದೂ ತಿಳಿಸಿದರು. ಅಲ್ಲಿಯ ಮೇಸ್ತ್ರಿ ನನ್ನ ಸೋದರಮಾವ. ಹತ್ತೊಂಬತ್ತು ವರ್ಷದ ಹಿಂದೆ ನನ್ನನ್ನು ಆ ಗೇಟಿನೊಳಗೆ ಕರೆತಂದವರು ಅವರೇ. "ಮೊದಲು ನಿಮ್ಮ ಮಾವನಿಗೆ ನೀವೇ ಬಾಯಿಬಿಟ್ಟು ಹೇಳಿ, ಆಮೇಲೆ ತೆರೀರಿ" ಎಂದು ಯಜಮಾನರು ಹೇಳಿದರು. ನಾನು ಆಗಲಿ ಎಂದೆ.

ಕರಡಿನಲ್ಲಿ ಇಪ್ಪತ್ತೆರಡು ಸಾಲುಗಳಿದ್ದವು. ಆರನೆಯದು: ‘ಕಟಿಂಗ್ ಮೇಸ್ತ್ರಿಗೆ ವಿಷಯ ತಿಳಿಸುವುದು. ಬೇಕಾದ ಸಮಯ: ಅರ್ಧ ಗಂಟೆ. ಹೊಣೆ:’ ಅದರ ಮುಂದೆ ನನ್ನ ಹೆಸರು ಹಾಕಬೇಕಿತ್ತು. ಖಾಲಿ ಬಿಟ್ಟೆ. ಗಡುವು ಇದ್ದರೆ ಧೈರ್ಯ ಬಂದೀತೆಂದು ತೆರೆಯುವ ದಿನಕ್ಕೆ ಮುಂದಿನ ಶುಕ್ರವಾರ ಹಾಕಿದೆ. ಧೈರ್ಯ ಬರಲಿಲ್ಲ, ಶುಕ್ರವಾರ ಬರುವುದರಲ್ಲಿತ್ತು. ಗುರುವಾರ ಸಂಜೆ ಐದಕ್ಕೆ ಒಂದು ವಾರ ಮುಂದೂಡಿದೆ. ಹೀಗೆ ಏಳು ಗುರುವಾರ ಮುಂದೂಡಿದೆ. ಈ ಏಳೂ ವಾರ ಮಧ್ಯಾಹ್ನದ ಊಟ ಮಾವನ ಪಕ್ಕದಲ್ಲೇ ಕುಳಿತು ಮಾಡಿದ್ದೇನೆ.

ಸಾಫ್ಟ್‌ವೇರಿನ ಉಸ್ತುವಾರಿ ನೋಡುವ ಹೆಂಗಸನ್ನು ನಾವು ಬೀಗದಕ್ಕ ಎನ್ನುತ್ತೇವೆ. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವವರು ಅವರು. ಕರಡಿನ ಒಳಗಿರುವುದು ಅವರಿಗೆ ಕಾಣುವುದಿಲ್ಲ, ತಾರೀಖು ಮಾತ್ರ ಕಾಣುತ್ತದೆ. ಮೂರನೆಯ ಸಲ ಮುಂದೂಡಿದಾಗ ನನ್ನ ಮೇಜಿನ ಬಳಿ ನಿಂತು, "ಅಣ್ಣಾ, ಇದೇನು ಕರಡಾ, ಕರಡಿಯಾ? ವಾರವಾರವೂ ಸರಪಳಿ ಹಿಡ್ಕೊಂಡು ಓಡಾಡ್ತೀರಲ್ಲ. ತಾರೀಖು ತೆಗೆದು ‘ನಾನೇ ತೆರೆಯುವವರೆಗೆ’ ಅಂತ ಹಾಕಿಬಿಡಿ. ಒಂದಿನ ಮರೆತ್ರೆ ಮೈಮೇಲೆ ಬರುತ್ತೆ" ಎಂದರು. ನಾನು ನಕ್ಕೆ. ಹಾಕಲಿಲ್ಲ. ತಾರೀಖು ತೆಗೆದರೆ ಮಾವನಿಗೆ ಹೇಳುವುದೇ ಇಲ್ಲವೆಂದು ನನ್ನ ಬಗ್ಗೆ ನನಗೆ ಗೊತ್ತಿತ್ತು.

ಮೊನ್ನೆ ಗುರುವಾರ ಹೆಂಡತಿಯ ಬುದ್ಧಿಹಲ್ಲು ಕೀಳಿಸಲೆಂದು ಮೂರು ಗಂಟೆಗೆ ರಜೆ ಹಾಕಿ ಹೋದೆ. ಹಲ್ಲು ಅವಳದು ಹೋಯಿತು, ಬುದ್ಧಿ ನನ್ನದು. ಐದು ಗಂಟೆಗೆ ದಂತವೈದ್ಯರ ಹೊರಕೋಣೆಯಲ್ಲಿ ಹಳೆಯ ಪತ್ರಿಕೆಯ ಪದಬಂಧ ಬಿಡಿಸುತ್ತಾ ಕುಳಿತಿದ್ದೆ.

ಶುಕ್ರವಾರ 10:00ಕ್ಕೆ ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ನಾನು ಮೆಟ್ಟಿಲಿಳಿದು ಸುಮಾರು ಅರವತ್ತು ಹೆಜ್ಜೆ ದೂರದ ಕಟಿಂಗ್ ವಿಭಾಗಕ್ಕೆ ಓಡಿದೆ. ಯಂತ್ರಗಳು ನಿಂತಿದ್ದವು. "ರಟ್ಟಿನ ಕಾರ್ಖಾನೇಲಿ ಗುಟ್ಟು ರಟ್ಟಾಗದೆ ಇನ್ನೇನಾಗುತ್ತೆ" ಎಂದು ಯಾರೋ ಅಂದರು. ಯಾರೂ ನಗಲಿಲ್ಲ. ಮಾವ ಕನ್ನಡಕ ಒರೆಸಿ ಹಾಕಿಕೊಂಡು, ಗೋಡೆಯ ಪರದೆಯಿಂದ ಎರಡು ಅಡಿ ದೂರದಲ್ಲಿ ನಿಂತು, ಆರನೆಯ ಸಾಲನ್ನು ಬೆರಳಿಟ್ಟು ಓದಿದರು. ನನ್ನ ಕಡೆ ತಿರುಗಿ, "ಅಳಿಯಾ, ನನಗೆ ಹೇಳೋ ಕೆಲಸ ಯಾರಿಗೂ ಬೇಡವಾಯ್ತೇನೋ?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು 10:12ಕ್ಕೆ ಗೇಟು ದಾಟಿದರು.

10:20ಕ್ಕೆ ಯಜಮಾನರು ಕರೆದು, ತೆರೆದವರು ಯಾರೆಂದು ಕೇಳಿದರು. ಬಾಗಿಲಲ್ಲಿ ಎಂಟು ಹತ್ತು ಜನ ನಿಂತಿದ್ದರು. ನಾನಲ್ಲ, ನನ್ನ ಪಾಸ್‌ವರ್ಡನ್ನು ಯಾರೋ ಬಳಸಿದ್ದಾರೆ ಎಂದೆ. ಅದು ಯಾರ ಕೈಗೆ ಸಿಗುತ್ತದೆಂದು ಕೇಳಿದರು. ಬೀಗದಕ್ಕನ ಕೈಗೆ ಎಂದೆ. ಈ ಎರಡು ಉತ್ತರಗಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. 11:00ಕ್ಕೆ ಯಜಮಾನರು ಬೀಗದಕ್ಕನನ್ನು ಅಮಾನತು ಮಾಡಿ, ಕಂಪ್ಯೂಟರ್ ಮುಟ್ಟದಂತೆ ಮಾಡಿ, ಠಾಣೆಗೆ ದೂರು ಕೊಟ್ಟರು. ತಾರೀಖು ಹಾಕಿದವನು ನಾನೇ ಎಂಬ ದಾಖಲೆ ಅದರಲ್ಲೇ ಇದೆ. ಅದನ್ನು ತೆಗೆದು ತೋರಿಸಲು ಬರುವುದು ಅವರೊಬ್ಬರಿಗೇ. ಇದು ಗೊತ್ತಿದ್ದೇ ನಾನು ನಿನ್ನೆ ಇಲ್ಲಿ ಅದೇ ಎರಡು ಉತ್ತರಗಳನ್ನು ಬರೆಸಿ ಸಹಿ ಮಾಡಿದೆ.

ಇಂದು ಶನಿವಾರ 10:00ಕ್ಕೆ ಬೀಗದಕ್ಕನನ್ನು ಇಲ್ಲಿಗೆ ವಿಚಾರಣೆಗೆ ಕರೆಸಲಾಗಿತ್ತು. 11:40ಕ್ಕೆ ಅವರು, ಕೆಲಸಕ್ಕೆ ಹೋಗದೆ ಮನೆಯಲ್ಲಿದ್ದ ನನಗೆ ಇಲ್ಲಿಂದಲೇ ಫೋನ್ ಮಾಡಿದರು. ತಮ್ಮ ಹೆಸರು ಹೇಳಿದವರು ಯಾರೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. "ಅಣ್ಣಾ, ನಿಮಗೊಬ್ಬರಿಗೇ ನಿಜ ಗೊತ್ತಿರೋದು. ತಾರೀಖು ಮುಂದಕ್ಕೆ ಹಾಕೋದು ಮರೆತುಹೋಗಿರಬಹುದು ಅಂತ ಇವರಿಗೆ ಹೇಳ್ದೆ, ನಂಬ್ತಿಲ್ಲ. ಬಂದು ಒಂದು ಮಾತು ಹೇಳ್ತೀರಾ? ಒಂದು ಗಂಟೆಗೆ ಮಗಳನ್ನ ಶಾಲೆಯಿಂದ ಕರ್ಕೋಬೇಕು" ಎಂದರು. ಬರುತ್ತೇನೆ ಎಂದೆ. ಊದಿದ ಕೆನ್ನೆಗೆ ಮಂಜುಗಡ್ಡೆ ಒತ್ತಿಕೊಂಡಿದ್ದ ಹೆಂಡತಿ ಏನೆಂದು ಕಣ್ಣಲ್ಲೇ ಕೇಳಿದಳು. ಎಲ್ಲವನ್ನೂ ಹೇಳಿದೆ. ಬಾಯಿ ತೆರೆಯಲಾಗದೆ ಚಪ್ಪಲಿಯ ಕಡೆ ಕೈ ತೋರಿಸಿದಳು. ಹೊಡೆಯುವುದಕ್ಕೋ ಹೊರಡುವುದಕ್ಕೋ ತಿಳಿಯಲಿಲ್ಲ. ಹಾಕಿಕೊಂಡು ಹೊರಟೆ.

ಮನೆಯಿಂದ ಠಾಣೆಗೆ 900 ಮೀಟರ್. 12:05ಕ್ಕೆ ತಲುಪಿದೆ. ಬೀಗದಕ್ಕ ಬೆಂಚಿನಿಂದೆದ್ದು "ಬಂದ್ರಾ ಅಣ್ಣಾ" ಎಂದರು. ಯೋಜನೆ ತಾರೀಖಿನಂತೆ ತಾನೇ ತೆರೆಯಿತೆಂದೂ, ತಾರೀಖು ನನ್ನದೆಂದೂ, ಅವರ ಹೆಸರು ಕೊಟ್ಟವನೂ ನಾನೇ ಎಂದೂ ಅಧಿಕಾರಿಗಳಿಗೆ ಬೀಗದಕ್ಕನ ಕಿವಿಗೆ ಬೀಳುವಂತೆಯೇ ಹೇಳಿದೆ. ಬೀಗದಕ್ಕ ಮತ್ತೆ ಬೆಂಚಿನ ಮೇಲೆ ಕುಳಿತುಕೊಂಡರು. "ಠಾಣೇಲಿ ಹೇಳಿದ್ರೆ ಠಾಣೆಗೆ ಗೊತ್ತಾಗುತ್ತೆ. ನನ್ನನ್ನ ಕಳ್ಳಿ ಅಂದುಕೊಂಡೋರು ಕಾರ್ಖಾನೇಲಿದ್ದಾರೆ" ಎಂದರು. ಈ ಸಲ ಅಣ್ಣಾ ಎನ್ನಲಿಲ್ಲ.

12:25ಕ್ಕೆ ಅಧಿಕಾರಿಗಳ ಎದುರಿಗೇ ನನ್ನ ಫೋನಿನಲ್ಲಿ ಇದನ್ನೆಲ್ಲ ಐದು ಸಾಲುಗಳಲ್ಲಿ ಬರೆದೆ. ಯಾರಿಗೆ ಕಾಣಬೇಕೆಂದು ಸಾಫ್ಟ್‌ವೇರ್ ಕೇಳಿತು. ಎಲ್ಲರಿಗೂ ಎಂದು ಒತ್ತಿದೆ. ಯಾವಾಗಿನಿಂದ ಎಂದು ಕೇಳಿತು. ಈಗಲೇ ಎಂದು ಒತ್ತಿದೆ. 12:31ಕ್ಕೆ ಯಜಮಾನರು ಠಾಣೆಗೆ ಫೋನ್ ಮಾಡಿ, ಬೀಗದಕ್ಕ ಸೋಮವಾರದಿಂದ ಕೆಲಸಕ್ಕೆ ಬರಬೇಕೆಂದೂ, ನಾನು ಬರಬಾರದೆಂದೂ ತಿಳಿಸಿದರು. 12:40ಕ್ಕೆ ಬೀಗದಕ್ಕ ಮಗಳ ಶಾಲೆಗೆ ಹೊರಟರು. ನನ್ನಿಂದ ಒಂದು ಅಡಿ ದೂರದಲ್ಲಿ ಹಾದು ಹೋದರು.

ಮಾವ ಆ ಐದು ಸಾಲುಗಳನ್ನು ಓದಿಲ್ಲ. ಅವರ ಬಳಿ ಅಂಥ ಫೋನಿಲ್ಲ. ಗೋಡೆಯ ಪರದೆ ನೋಡಲು ಅವರು ಮತ್ತೆ ಅಲ್ಲಿಗೆ ಹೋಗುವವರಲ್ಲ. ಅವರ ಮನೆ ಇಲ್ಲಿಂದ ಎರಡು ಕಿಲೋಮೀಟರ್. ಸಹಿ ಹಾಕಿಸಿಕೊಂಡು ಬಿಟ್ಟರೆ ಈಗಲೇ ಹೊರಡುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ.

ಮೇಲೆ ಬರೆಸಿದ್ದನ್ನು ನನಗೆ ಎರಡು ಸಲ ಓದಿ ಹೇಳಲಾಗಿದೆ. ಕೇಳಲು ಕಷ್ಟವಾದರೂ ಎಲ್ಲವೂ ನಿಜ. ನಿನ್ನೆಯ ಹೇಳಿಕೆಯ ಜಾಗದಲ್ಲಿ ಇದನ್ನು ಇರಿಸಿಕೊಳ್ಳಬೇಕೆಂದು ಕೋರುತ್ತೇನೆ.

ಸ್ಥಳ: ಠಾಣೆಯ ಮುಂಕೋಣೆ
ದಿನಾಂಕ: 14, ಶನಿವಾರ, ಮಧ್ಯಾಹ್ನ 2:15
(ಸಹಿ)