ಹಣಮವ್ವ ಬರೆದ ಹನ್ನೊಂದು ಸಂಜೆಗಳು

ಮಾನ್ಯ ಅಧ್ಯಕ್ಷರೇ, ಪ್ರಾಚಾರ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಪ್ರಯೋಗಾಲಯದ ಸಹಾಯಕಿ ಹಣಮವ್ವನವರೇ, ಸೇಡಂ, ಚಿತ್ತಾಪುರಗಳಿಂದ ಬಂದು ಸೇರಿರುವ ಸಭಿಕರೇ,

ಭೌತಶಾಸ್ತ್ರದ ಮಾಸ್ತರ ಮೈಕು ಹಿಡಿದರೆ ಕರೆಂಟು ಹೋಗಲಿ ಎಂದು ಬೇಡಿಕೊಳ್ಳುವವರು ಇಲ್ಲಿದ್ದೀರಿ. ಬೇಗ ಮುಗಿಸುತ್ತೇನೆ.

ನೆಲದಿಂದ ನೂರಾರು ಕಿಲೋಮೀಟರ್ ಮೇಲೆ, ಬಿಸಿಲಿಗೆ ವಿದ್ಯುತ್ಕಣ ತುಂಬಿಕೊಳ್ಳುವ ಪದರವೊಂದಿದೆ. ಅದೇ ಅಯಾನುಗೋಳ. ಅಲ್ಲಿ ಕಣಗಳೆಷ್ಟಿರುತ್ತವೆ ಎಂದು ಗಣಿತದ ಮಾದರಿಗಳು ಮೊದಲೇ ಹೇಳುತ್ತವೆ. ಅವು ಹೇಳಿದ್ದು ನಿಜವೇ? ಉಪಗ್ರಹದ ಸಂಕೇತ ಹಿಡಿದು ಅಳೆದು ನೋಡುವ ಕೆಲಸ ನಮ್ಮದು. ಕಳೆದ ಮಾರ್ಚಿನಲ್ಲಿ, ಆ ಅಳತೆಗಳನ್ನು ದಾಖಲಿಸುವ ಕಂಪ್ಯೂಟರ್ ಕೆಟ್ಟಿತು. ಹನ್ನೊಂದು ಸಂಜೆ ಹಣಮವ್ವ ಸಂಕೇತ ಹಿಡಿಯುವ ಯಂತ್ರದ ಮುಂದೆ ಕುಳಿತು, ಹದಿನೈದು ನಿಮಿಷಕ್ಕೊಮ್ಮೆ ಅಂಕಿಗಳನ್ನು ಕೈಯಲ್ಲೇ ಬರೆದಿಟ್ಟರು.

ಮಾದರಿ ಏನು ಹೇಳಿತ್ತು? ಹೊತ್ತು ಮುಳುಗಿದ ಮೇಲೆ ಅಂಕಿ ಇಳಿಯಬೇಕು. ನೋಟ್‌ಬುಕ್ಕಿನಲ್ಲಿ ಏನಿತ್ತು? ಒಂಬತ್ತು ಸಂಜೆ ಏರಿತ್ತು!

ವರದಿ ಕಳಿಸಲು ಎರಡೇ ದಿನ ಉಳಿದಿತ್ತು. ಎಲ್ಲರೆದುರು ಅವರನ್ನು ಕರೆದು, “ನಿಮ್ಮೂರ ಆಡಕಿ ಬಸ್ ಹಿಡ್ಯಾಕ ಓಡಿಹೋಗಿ, ಮರುದಿನ ತಿಳಿದಂಗ ಬರದಿಯೇನು?” ಎಂದೆ.

“ಹನ್ನೊಂದ ದಿನಾ ಬಸ್ ಬಿಟ್ಟೀನ್ರಿ ಸರ. ಇಲ್ಲೇ ತಂಗಿ ಮನ್ಯಾಗ ಉಳದೀನಿ. ಯಂತ್ರದಾಗ ಕಂಡದ್ದೇ ಬರದೀನ್ರಿ.”

ನನಗೇಕೆ ಅಷ್ಟು ಸಿಟ್ಟು? ಆ ಮಾದರಿ ನಮ್ಮ ಭಾಗಕ್ಕೆ ಸರಿ ಹೊಂದುತ್ತದೆ ಎಂದು ಆರು ವರ್ಷದಿಂದ ಬರೆಯುತ್ತಿದ್ದವನು ನಾನೇ. ಒಂಬತ್ತು ಸಂಜೆಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಸುಳ್ಳು ಅಂಕಿ ಬರೆಯುವ ಇವರನ್ನು ಕೆಲಸದಿಂದ ತೆಗೆಯಿರಿ ಎಂದು ಪ್ರಾಚಾರ್ಯರಿಗೆ ಪತ್ರ ಕೊಟ್ಟೆ. ಪ್ರಾಚಾರ್ಯರೇ, ನೀವು ತಲೆ ತಗ್ಗಿಸಬೇಡಿ, ಬರೆದವನು ನಾನು.

ಮರುದಿನ ಮಧ್ಯಾಹ್ನ, ಚಿಂಚೋಳಿಯಲ್ಲಿ ಇಂಥದೇ ಯಂತ್ರ ನೋಡಿಕೊಳ್ಳುವ ಮೈತ್ರಿಯ ಫೋನು ಬಂತು. “ಗುರುಲಿಂಗಯ್ಯ ಸರ, ನಮ್ಮಲ್ಲಿ ಸಂಜಿಗಿ ಅಂಕಿ ಏರಾಕತ್ತಾವ್ರಿ. ನಿಮ್ಮಲ್ಲಿ ಹ್ಯಾಂಗ ಅದರಿ?”

“ಮಾರ್ಚಿನ ಆ ಸಂಜಿಗಳ ಅಂಕಿ ತಾರೀಖಿನ ಪ್ರಕಾರ ಓದವ್ವ,” ಎಂದೆ. ಅವಳು ಓದುತ್ತ ಹೋದಳು. ನಾನು ಕೆಂಪು ಗೆರೆಗಳ ಮೇಲೆ ಬೆರಳಿಡುತ್ತ ಹೋದೆ. ಮೊದಲ ಸಂಜೆ ಹೊಂದಿತು. ಎರಡನೆಯದೂ ಹೊಂದಿತು. ಐದನೆಯದಕ್ಕೆ ಕೆಂಪು ಪೆನ್ನು ಮುಚ್ಚಿಟ್ಟೆ. ಒಂಬತ್ತೂ ಹೊಂದಿದವು. ತಪ್ಪಿದ್ದು ಮಾದರಿ, ಹಣಮವ್ವ ಅಲ್ಲ.

ಪ್ರಾಚಾರ್ಯರ ಕೋಣೆಗೆ ಓಡಿದೆ. ಪತ್ರ ಲಕೋಟೆ ಸೇರಿ, ಆಡಳಿತ ಮಂಡಳಿಗೆ ಹೊರಟು ನಿಂತಿತ್ತು. ಕಸಿದುಕೊಂಡು ಹರಿದೆ. ಒಂಬತ್ತು ಸಂಜೆಗಳನ್ನೂ ಸೇರಿಸಿ ವರದಿ ಕಳಿಸಿದೆ. ಅದಕ್ಕೆ ಬಂದ ಶಾಲು, ಹಾರ ಎಲ್ಲ ನನ್ನ ಕೊರಳಿಗೆ ಬಿದ್ದವು.

“ಅಂಕಿ ಸರಿ ಇದ್ದುವೇನ್ರಿ ಸರ?” ಎಂದು ಹಣಮವ್ವ ಕೇಳಿದ್ದರು. “ಹ್ಞೂಂ,” ಎಂದು ಪಾಠಕ್ಕೆ ಹೊರಟುಬಿಟ್ಟೆ.

ಹಣಮವ್ವನವರೇ, ಆ ಪತ್ರದ ವಿಷಯ ನಿಮಗೆ ತಿಳಿಯುತ್ತಿರುವುದು ಇವತ್ತೇ. ಎಲ್ಲರೆದುರು ಬೈದಿದ್ದೆ, ಎಲ್ಲರೆದುರೇ ಹೇಳುತ್ತೇನೆ, ನನ್ನಿಂದ ತಪ್ಪಾಯಿತು. ಕ್ಷಮಿಸುವುದು, ಬಿಡುವುದು ನಿಮ್ಮ ಇಷ್ಟ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.