ವಿಷಲ್ ಯಾರ ಕೈಲಿ

೧೯೯೮ರ ಬೇಸಿಗೆ ರಜೆ. ಭದ್ರಾವತಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹಿರಿಯ ಡ್ರಿಲ್ ಮೇಷ್ಟ್ರು, ಪಕ್ಕದಲ್ಲಿ ಹೊಸದಾಗಿ ಸೇರಿದ ಟೀಚರಮ್ಮ. ಇಬ್ಬರೂ ಮಕ್ಕಳಿಗೆ ಕ್ರೀಡಾ ನಾಯಕತ್ವದ ಶಿಬಿರ ನಡೆಸುತ್ತಿದ್ದರು.

“ಇವತ್ತಿನ ಖೋ-ಖೋ ಮಕ್ಕಳೇ ನಡೆಸ್ತಾರೆ, ಸರ್. ಮೈತ್ರಿ ಅಂಪೈರು.”

“ಆ ಹುಡುಗಿ ಬಾಯೇ ಬಿಡಲ್ಲ ಮಾರಾಯ್ತಿ. ಜಗಳ ಆದ್ರೆ?”

“ಅವಳೇ ಬಿಡಿಸ್ಲಿ. ನಿನ್ನೆ ಅವಳು ಔಟ್ ಕೊಡೋಕೆ ಮುಂಚೆ ನೀವೇ ವಿಷಲ್ ಊದಿಬಿಟ್ರಿ.”

“ಮೂವತ್ತು ವರ್ಷದ ಅಭ್ಯಾಸ. ಕೈ ತಾನಾಗೇ ಹೋಗುತ್ತೆ.”

“ಆಮೇಲೆ ಪ್ರತಿಯೊಂದಕ್ಕೂ ಅವಳು ನಿಮ್ಮ ಮುಖಾನೇ ನೋಡ್ತಿದ್ಲು.”

ಸ್ಟಾಪ್ ಬಂದಾಗ ಮೇಷ್ಟ್ರು ಕೊರಳಿನ ದಾರ ತೆಗೆದು ವಿಷಲ್ ಟೀಚರಮ್ಮನ ಕೈಗಿಟ್ಟರು.

“ತಗೋಳಮ್ಮ. ಅವಳಿಗೇ ಕೊಡು.”

“ಜೇಬಲ್ಲಿರೋದೂ ಕೊಡಿ, ಸರ್.”

ಅದನ್ನೂ ಕೊಟ್ಟು, ಮೇಷ್ಟ್ರು ಅವರ ಹಿಂದೆ ಇಳಿದರು.