ಅಳಿಸುವ ಅವಸರ

೧೯೮೯. ತರೀಕೆರೆ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕದಲ್ಲಿ ಯಾರೋ ಅಕ್ಕ-ತಮ್ಮ ಮಾತಾಡುತ್ತಿದ್ದರು.

“ಹಳೇ ಕಂಪ್ಯೂಟರಲ್ಲಿರೋದ್ನೆಲ್ಲ ಅಳಿಸ್ತೀನಿ ಅಂತ ಆ ಮೆಕ್ಯಾನಿಕ್‌ಗೆ ಯಾಕಷ್ಟು ಅವಸರ, ಷಣ್ಮುಖ?”

“ಹಾಡಿನ ಫೈಲೆಲ್ಲಾ ಹೊಸದಕ್ಕೆ ಹೋಗೈತೆ ಅಂದ ಕಣಕ್ಕ. ಪಟ್ಟಿ ತೋರಿಸ್ದನಲ್ಲ?”

“ಹೆಸರು ಮಾತ್ರ ಅವೆ. ತೆಗೆಸಿ ನೋಡಿದ್ರೆ ಒಳಗೆ ಒಂದಕ್ಷರ ಇಲ್ಲ.”

“ಅವ್ನೇನಂದ?”

“ಕರೆಂಟ್ ಹೋಗಿತ್ತು ಅಂದ. ಫ್ಯಾನ್ ತಿರುಗ್ತಾನೇ ಇತ್ತು! ಹಾಡಿದ ತಿಮ್ಮಕ್ಕನೂ ಈಗ ಬದುಕಿಲ್ಲ, ಕೇಳಿ ಟೈಪ್ ಮಾಡಿದ ನಿಮ್ಮ ಭಾವನೂ ಇಲ್ಲ. ಅಳಿಸಿಹೋದ್ರೆ ಆ ಹಾಡುಗಳ್ನ ಯಾರ ಹತ್ರ ಕೇಳ್ಲಿ?”

“ಆಮೇಲೆ?”

“ಅವ್ನನ್ನ ಕಳಿಸ್ಬಿಟ್ಟೆ. ಹಳೇದ್ರಿಂದ ನಾನೇ ಫ್ಲಾಪಿಗಳಿಗೆ ಇಳಿಸ್ಕೊಂಡು, ಒಂದೊಂದೂ ತೆಗೆದು ಓದ್ದೆ. ಒಂದು ಪ್ರತಿ ಕಡೂರಲ್ಲಿ ನಿನ್ನ ಮನೇಲಿರ್ಲಿ.”

ಕಡೂರು ಬಸ್ ಬಂತು. ಷಣ್ಮುಖ ಅಕ್ಕನ ಮಡಿಲಲ್ಲಿದ್ದ ಫ್ಲಾಪಿ ಡಬ್ಬಿಗೆ ಕೈ ಚಾಚಿದ.

“ಬೀಗ ಇರೋ ಬೀರು ತೋರ್ಸು, ಆಮೇಲೆ ಕೊಡ್ತೀನಿ,” ಎಂದು ಆಕೆ ಮೊದಲು ಹತ್ತಿದರು.